ಕೊಳವೆಗೆ ಕೋಟಿ, ಅಧ್ಯಯನಕ್ಕೆ ಬಿಡಿಗಾಸು

೨೦೨೪ರ ಸೆಪ್ಟೆಂಬರ್ ೬ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನ ದೊಡ್ಡನಾಗರದಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತದ ಉದ್ಘಾಟನೆ ನಡೆಯಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು ಪಂಪುಗಳು ಮೇಲೆತ್ತಿದವು. ನೂರಾರು ಕಿಲೋಮೀಟರ್ ದೂರದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಬಾಯಾರಿಕೆ ತಣಿಸುವುದು ಈ ಯೋಜನೆಯ ಉದ್ದೇಶವೆಂದು ಅಂದೂ ಸಾರಲಾಯಿತು. ೨೦೧೨ರಲ್ಲಿ ೮,೩೨೩ ಕೋಟಿ ರೂಪಾಯಿಗಳೆಂದು ಆರಂಭವಾದ ಅಂದಾಜು ೨೦೧೪ರಲ್ಲಿ ೧೨,೯೧೨ ಕೋಟಿಗೇರಿ, ೨೦೨೩ರಲ್ಲಿ ೨೩,೨೫೧ ಕೋಟಿಯನ್ನು ಮುಟ್ಟಿದೆ. ಘಟ್ಟದ ಕಾಡು, ಆನೆದಾರಿ, ಭೂಕುಸಿತ, ನೇತ್ರಾವತಿಯ ಹರಿವು ಇವುಗಳ ಕುರಿತು ಮಲೆನಾಡಿನ ಜನ ಎತ್ತಿದ ಪ್ರಶ್ನೆಗಳು ಒಂದೂವರೆ ದಶಕದಿಂದ ಓದುಗರಿಗೆ ಪರಿಚಿತವಾದವು. ಈ ಸಂಚಿಕೆಯಲ್ಲಿ ಚರ್ಚೆಗೆತ್ತಿಕೊಳ್ಳಬೇಕಾಗಿರುವುದು ಕೊಳವೆಯ ಇನ್ನೊಂದು ತುದಿಯ ಸಂಗತಿ. ನೀರು ತಲುಪಬೇಕಾಗಿರುವ ಜಿಲ್ಲೆಯಲ್ಲಿ ಆ ಜಿಲ್ಲೆಯ ನೀರು, ಮಣ್ಣು, ಬೆಳೆಗಳನ್ನು ಅರಿಯುವುದಕ್ಕಾಗಿ ಎಷ್ಟು ಹಣ ವ್ಯಯವಾಗುತ್ತಿದೆ? ಅಲ್ಲಿನ ಕಾಲೇಜುಗಳಲ್ಲಿ ಓದುತ್ತಿರುವ ರೈತಮಕ್ಕಳಿಗೆ ತಮ್ಮೂರಿನ ಕೆರೆಯನ್ನೇ ಅಭ್ಯಸಿಸುವ ಅವಕಾಶ ಯಾರು ಕೊಟ್ಟಿದ್ದಾರೆ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಒಂದು ಸರಳ ಲೆಕ್ಕವನ್ನು ಮಾಡಿ ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ ಕಿರಿಯ ಸಂಶೋಧನಾ ವೇತನವು ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿ. ಎರಡು ವರ್ಷಗಳ ನಂತರದ ಹಿರಿಯ ಸಂಶೋಧನಾ ವೇತನ ೪೨,೦೦೦ ರೂಪಾಯಿ. ಒಬ್ಬ ವಿದ್ಯಾರ್ಥಿ ಐದು ವರ್ಷ ಪೂರ್ತಿ ಈ ವೇತನ ಪಡೆದರೆ ಒಟ್ಟು ೨೪ ಲಕ್ಷ ರೂಪಾಯಿ. ನೂರು ವಿದ್ಯಾರ್ಥಿಗಳಿಗೆ ೨೪ ಕೋಟಿ. ಮನೆ ಬಾಡಿಗೆ ಭತ್ಯೆ, ಸಾದಿಲ್ವಾರು ವೆಚ್ಚಗಳನ್ನು ಸೇರಿಸಿದರೂ ೩೦ ಕೋಟಿಯನ್ನು ಮೀರದು. ಎತ್ತಿನಹೊಳೆಯ ಅಂದಾಜಿನಲ್ಲಿ ಇದು ಸಾವಿರಕ್ಕೆ ಒಂದು ಪಾಲು, ಹೆಚ್ಚೆಂದರೆ ಒಂದೂಕಾಲು ಪಾಲು. ಅಷ್ಟು ಹಣಕ್ಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನೂರು ಮಂದಿ ಯುವಕ ಯುವತಿಯರು ಐದು ವರ್ಷಗಳ ಕಾಲ ತಮ್ಮ ಸೀಮೆಯ ಕೆರೆ, ಕಾಲುವೆ, ಕೊಳವೆಬಾವಿ, ಹೊಲ, ತೋಪುಗಳನ್ನು ಅಳೆದು, ತೂಗಿ, ಬರೆದಿಡಬಹುದಾಗಿತ್ತು.

ಕಾದಿರುವ ಪ್ರಶ್ನೆಗಳು

ಕೋಲಾರದಲ್ಲಿ ವಿದ್ಯಾಸಂಸ್ಥೆಗಳಿಗೆ ಕೊರತೆಯಿದೆ ಎನ್ನುವಂತಿಲ್ಲ. ಬೆಂಗಳೂರು ವಿಶ್ವವಿದ್ಯಾಲಯವನ್ನು ವಿಭಜಿಸಿದಾಗ ರೂಪುಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ೨೦೧೭ರಲ್ಲಿ ಕೋಲಾರದ ಟಮಕದಲ್ಲಿ ಕೆಲಸ ಆರಂಭಿಸಿತು. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ತೋಟಗಾರಿಕೆ ಮಹಾವಿದ್ಯಾಲಯ ಅಲ್ಲಿದೆ. ಕೃಷಿ ವಿಜ್ಞಾನ ಕೇಂದ್ರವಿದೆ. ವೈದ್ಯಕೀಯ ವಿಷಯಗಳಿಗೆ ದೇವರಾಜ ಅರಸು ಉನ್ನತ ಶಿಕ್ಷಣ ಸಂಸ್ಥೆಯಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಕಟ್ಟಡ, ಹಲಗೆ, ಹಾಜರಿ ಪುಸ್ತಕಗಳಿವೆ. ಇಲ್ಲದಿರುವುದು ಈ ಸಂಸ್ಥೆಗಳಿಗೂ ಸುತ್ತಲಿನ ನೆಲಕ್ಕೂ ನಡುವೆ ಇರಬೇಕಾದ ನಿತ್ಯದ ನಂಟು. ಅದನ್ನು ಬೆಸೆಯುವ ಸಣ್ಣ ಹಣ.

ಪ್ರಶ್ನೆಗಳಿಗಂತೂ ಬರವಿಲ್ಲ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಕೆರೆಗಳಿದ್ದವು. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಸೀಮೆಯಲ್ಲಿ ಒಂದರ ಕೋಡಿ ಇನ್ನೊಂದನ್ನು ತುಂಬುವಂತೆ ಹಿಂದಿನವರು ಕಟ್ಟಿದ ಸರಪಳಿ ಅದು. ಇಂದು ಜಿಲ್ಲೆಯ ಅಂತರ್ಜಲವು ಅತಿಬಳಕೆಯ ವರ್ಗಕ್ಕೆ ಸೇರಿದೆ. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಎಷ್ಟೋ ಕಾಲವಾಯಿತು. ಗಟ್ಟಿ ಶಿಲೆಯ ಈ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ಆಳಕ್ಕಿಳಿದಷ್ಟೂ ನೀರು ಬಂಡೆಯೊಡನೆ ಬಹುಕಾಲ ಬೆರೆತದ್ದಾಗಿರುತ್ತದೆ. ಬಂಡೆಯ ಖನಿಜಗಳಿಂದ ಕರಗಿದ ಫ್ಲೋರೈಡ್ ಅದರಲ್ಲಿ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ದಾಟಿದ ನೀರನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ದೊಡ್ಡವರ ಕೀಲುಗಳು ಬಿಗಿಯುತ್ತವೆ. ಮುಳಬಾಗಿಲಿನ ಯಾವ ಹಳ್ಳಿಯ ಯಾವ ಬಾವಿಯಲ್ಲಿ, ಯಾವ ತಿಂಗಳಲ್ಲಿ ಫ್ಲೋರೈಡ್ ಎಷ್ಟಿದೆ, ಪಕ್ಕದ ಕೆರೆ ತುಂಬಿದ ವರ್ಷ ಅದು ಎಷ್ಟು ತಗ್ಗಿತು ಎಂಬುದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ರಸಾಯನಶಾಸ್ತ್ರ ಓದಿದ ಒಬ್ಬ ಸ್ಥಳೀಯ ವಿದ್ಯಾರ್ಥಿ, ಒಬ್ಬ ಆಸಕ್ತ ಅಧ್ಯಾಪಕ, ಬಸ್ಸಿನ ಖರ್ಚು, ಕೆಲವು ಉಪಕರಣಗಳು ಸಾಕು. ಆದರೆ ಅದು ಒಂದು ದಿನದ ಕೆಲಸವಲ್ಲ. ಮೂರು ಮಳೆಗಾಲ, ಮೂರು ಬೇಸಿಗೆಗಳನ್ನು ಒಬ್ಬರೇ ಕಾಣಬೇಕು. ಸಂಶೋಧನಾ ವೇತನ ಬೇಕಾಗಿರುವುದು ಆ ತಾಳ್ಮೆಗಾಗಿ.

ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ೨೦೧೮ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬಂದಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಈ ಯೋಜನೆ ದಿನಕ್ಕೆ ೪೪ ಕೋಟಿ ಲೀಟರ್ ನೀರನ್ನು ೧೨೬ ಕೆರೆಗಳಿಗೆ ಹರಿಸುವ ಗುರಿ ಹೊತ್ತದ್ದು. ಮರುತಿಂಗಳೇ ನೊರೆ ಕಾಣಿಸಿತು. ಹೈಕೋರ್ಟ್ ತಡೆ ನೀಡಿತು. ನಂತರ ವ್ಯಾಜ್ಯ ಸುಪ್ರೀಂ ಕೋರ್ಟನ್ನೂ ಹತ್ತಿ ಇಳಿಯಿತು. ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಸಾಲದು, ಮೂರನೆಯ ಹಂತದ ಸಂಸ್ಕರಣೆ ಆಗಲೇಬೇಕು ಎಂದು ಹೋರಾಟಗಾರರು ಇಂದಿಗೂ ಕೇಳುತ್ತಿದ್ದಾರೆ. ಬತ್ತಿದ್ದ ಬಾವಿಗಳಲ್ಲಿ ನೀರು ಮೇಲೆದ್ದಿತೆಂದು ಹಿಗ್ಗಿದ ರೈತರೂ ಅದೇ ಊರುಗಳಲ್ಲಿದ್ದಾರೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಆ ನೀರು ಮಣ್ಣಿನಲ್ಲಿಳಿದು, ಟೊಮೆಟೊ ಬಳ್ಳಿಯ ಬೇರನ್ನು ತಲುಪಿ, ಹಸುವಿನ ಮೇವನ್ನು ಹಾದು, ಹಾಲಾಗುವವರೆಗಿನ ದಾರಿಯಲ್ಲಿ ಏನೇನನ್ನು ಹೊತ್ತೊಯ್ಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅನುಸರಿಸಿ ಹೇಳಬೇಕಾದವರು ಟಮಕದಿಂದ ಸೈಕಲ್ಲಿನ ದೂರದಲ್ಲೇ ಇರುವ ವಿಜ್ಞಾನ ವಿದ್ಯಾರ್ಥಿಗಳಲ್ಲದೆ ಮತ್ತಾರು?

ಶ್ರೀನಿವಾಸಪುರಕ್ಕೆ ಬಂದರೆ ಮಾವು. ೨೦೨೫ರ ಜೂನ್‌ನಲ್ಲಿ ತೋತಾಪುರಿಯ ಬೆಲೆ ನೆಲಕಚ್ಚಿತು. ಕೋಲಾರದ ಹಣ್ಣನ್ನು ತಿರುಳು ಮಾಡುವ ಕಾರ್ಖಾನೆಗಳು ಗಡಿಯಾಚೆಯ ಚಿತ್ತೂರಿನಲ್ಲಿವೆ. ಕರ್ನಾಟಕದ ತೋತಾಪುರಿಗೆ ಆ ಜಿಲ್ಲೆ ಪ್ರವೇಶ ನಿರಾಕರಿಸಿದಾಗ ಬೆಳೆಗಾರರು ಬೀದಿಗಿಳಿದರು. ಕೊನೆಗೆ ಕೇಂದ್ರ ಸರ್ಕಾರವು ಎರಡೂವರೆ ಲಕ್ಷ ಟನ್‌ಗಳ ಮಟ್ಟಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಒಂದೇ ತಳಿಯನ್ನು, ಒಂದೇ ಗಿರಾಕಿಯನ್ನು ನಂಬಿದ್ದರ ಫಲ ಇದು. ಹಳೆಯ ತೋಪುಗಳ ರೆಂಬೆ ಸವರಿ ಬೇರೆ ತಳಿಯ ಕಸಿ ಕಟ್ಟಿದರೆ ಮಳೆಯಾಶ್ರಯದಲ್ಲಿ ಯಾವುದು ನಿಲ್ಲುತ್ತದೆ, ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡುವ ಮರದ ಸ್ವಭಾವವನ್ನು ರಾಸಾಯನಿಕವಿಲ್ಲದೆ ಹೇಗೆ ತಿದ್ದಬಹುದು, ಹಣ್ಣುನೊಣವನ್ನು ಊರೊಟ್ಟಿಗೆ ಸೇರಿ ಹೇಗೆ ತಡೆಯಬಹುದು, ಹಣ್ಣನ್ನು ಊರಿನಲ್ಲೇ ಒಣಗಿಸಿ, ತಿರುಳಾಗಿಸಿ ಮಾರುವ ಲೆಕ್ಕಾಚಾರ ಎಂಥದು ಎಂಬ ಪ್ರಶ್ನೆಗಳು ತೋಟಗಾರಿಕೆ ವಿದ್ಯಾರ್ಥಿಗೂ ಅರ್ಥಶಾಸ್ತ್ರ ವಿದ್ಯಾರ್ಥಿಗೂ ಸಮಾನವಾಗಿ ಸೇರಿದವು.

ಮಾಲೂರಿನದು ನೀಲಗಿರಿಯ ಕಥೆ. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಹೆಸರಿನಲ್ಲಿ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ೨೦೧೭ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬುಡ ಕಿತ್ತ ಮೇಲೆ ಆ ಮಣ್ಣು ಮತ್ತೆ ರಾಗಿಗೆ, ಹುರುಳಿಗೆ ಒಗ್ಗಲು ಎಷ್ಟು ವರ್ಷ ಬೇಕು? ಹೊಂಗೆ, ಬೇವು, ಹಲಸುಗಳ ಸಾಲು ನೆಟ್ಟರೆ ಬಾವಿಯ ಮಟ್ಟದಲ್ಲಿ ವ್ಯತ್ಯಾಸ ಕಾಣುವುದೇ? ಇಟ್ಟಿಗೆ, ಹೆಂಚಿನ ಗೂಡುಗಳಿಗೆ ಕೆರೆಯಂಗಳದ ಜೇಡಿ ಹೋದ ಮೇಲೆ ಕೆರೆ ನೀರನ್ನು ಹಿಡಿದಿಡುತ್ತದೆಯೇ, ಇಂಗಿಸುತ್ತದೆಯೇ? ಇವೆಲ್ಲ ಉತ್ತರ ಬೇಡುವ ಪ್ರಶ್ನೆಗಳು.

ವೇತನ ಯಾರಿಗೆ ದಕ್ಕುತ್ತದೆ

ದೇಶದಲ್ಲಿ ಸಂಶೋಧನಾ ವೇತನಗಳೇ ಇಲ್ಲವೆಂದಲ್ಲ. ಪಟ್ಟಿ ಉದ್ದವಾಗಿಯೇ ಇದೆ. ವರ್ಷಕ್ಕೆ ಎರಡು ಬಾರಿ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ವೇತನವಿದೆ. ಸ್ನಾತಕೋತ್ತರ ಪದವಿಯಲ್ಲಿ ವಿಶ್ವವಿದ್ಯಾಲಯಕ್ಕೇ ಪ್ರಥಮರಾದ ವಿಜ್ಞಾನ ವಿದ್ಯಾರ್ಥಿಗಳಿಗೆ ಕೇಂದ್ರ ವಿಜ್ಞಾನ ಇಲಾಖೆಯ ಇನ್‌ಸ್ಪೈರ್ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೊಶಿಪ್‌ಗಳಿವೆ. ತಂದೆತಾಯಿಯರ ಒಬ್ಬಳೇ ಮಗಳಾದ ವಿದ್ಯಾರ್ಥಿನಿಗೆ ಸಾವಿತ್ರಿಬಾಯಿ ಫುಲೆ ಹೆಸರಿನ ಫೆಲೊಶಿಪ್ ಇದೆ. ಕೃಷಿ, ತೋಟಗಾರಿಕೆ ವಿದ್ಯಾರ್ಥಿಗಳಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪರೀಕ್ಷೆಯಿದೆ. ರಾಜ್ಯದಲ್ಲಿ ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಭಿವೃದ್ಧಿ ಸೊಸೈಟಿಯ ಪಿಎಚ್.ಡಿ. ವೇತನವಿದೆ, ಯುವ ಅಧ್ಯಾಪಕರಿಗೆ ಬೀಜಧನ, ಕಾಲೇಜು ಪ್ರಯೋಗಾಲಯಗಳಿಗೆ ನೆರವು ನೀಡುವ ವಿಜ್ಞಾನ ಮತ್ತು ತಂತ್ರಜ್ಞಾನ ದರ್ಶನ ಸಮಿತಿಯಿದೆ. ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ೨೦೧೧ರ ಜನಗಣತಿಯಂತೆ ಶೇಕಡಾ ೩೦ರಷ್ಟು. ಇಂಥ ಜಿಲ್ಲೆಯ ಮನೆಗಳಿಗೆ ಈ ಪಟ್ಟಿಯ ಬೆಲೆ ಬಹಳ ದೊಡ್ಡದು. ಎಷ್ಟೋ ಮನೆಗಳಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಮಗಳು ಅಥವಾ ಮಗ ಐದು ವರ್ಷ ದುಡಿಯದೆ ಓದುವುದೆಂದರೆ ಮನೆಯ ಒಲೆಯ ಪ್ರಶ್ನೆ.

ಆದರೆ ಪಟ್ಟಿಯ ಪ್ರತಿ ಬಾಗಿಲಿಗೂ ಒಂದು ಹೊಸ್ತಿಲಿದೆ. ಅರ್ಹತಾ ಪರೀಕ್ಷೆಯ ಪ್ರಶ್ನೆಪತ್ರಿಕೆ, ಭಾಷಾ ವಿಷಯಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಇತಿಹಾಸ, ಅರ್ಥಶಾಸ್ತ್ರ ಓದಿ ಬಂದ ಮುಳಬಾಗಿಲಿನ ವಿದ್ಯಾರ್ಥಿಯೊಬ್ಬಳು ಹಿಂದಿ ಮಾತೃಭಾಷೆಯವರಿಗಿರುವ ಸೌಲಭ್ಯವಿಲ್ಲದೆ ಅವರೊಡನೆ ಸ್ಪರ್ಧಿಸಬೇಕು. ೨೦೨೪ರ ಜೂನ್ ೧೮ರಂದು ನಡೆದ ಪರೀಕ್ಷೆಯನ್ನು ಮರುದಿನವೇ ರದ್ದುಗೊಳಿಸಿದಾಗ ದೂರದೂರಿನ ಕೇಂದ್ರಗಳಿಗೆ ಹೋಗಿ ಬಂದ ಬಡ ವಿದ್ಯಾರ್ಥಿಗಳ ಖರ್ಚು ಮಣ್ಣುಪಾಲಾಯಿತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೊಶಿಪ್ಪನ್ನು ಕೇಂದ್ರ ಸರ್ಕಾರ ೨೦೨೨ರಲ್ಲಿ ನಿಲ್ಲಿಸಿತು. ಅರ್ಹತಾ ಪರೀಕ್ಷೆ ದಾಟದವರಿಗೆ ತಿಂಗಳಿಗೆ ೮,೦೦೦ ರೂಪಾಯಿಗಳ ನೆರವೊಂದಿದೆ; ಅದು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಮಾತ್ರ. ಅಂದರೆ ಟಮಕದಲ್ಲಿ ಕೂತು ಅದೇ ಕೆಲಸ ಮಾಡುವ ವಿದ್ಯಾರ್ಥಿಗೆ ಅದೂ ಇಲ್ಲ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಕೃಷಿ ಅನುಸಂಧಾನ ಪರಿಷತ್ತಿನ ರಾಷ್ಟ್ರೀಯ ಪ್ರತಿಭಾ ವೇತನವು ತನ್ನ ರಾಜ್ಯವನ್ನು ಬಿಟ್ಟು ಬೇರೆ ರಾಜ್ಯದ ಕೃಷಿ ವಿಶ್ವವಿದ್ಯಾಲಯ ಸೇರಿದವರಿಗೆ ಮಾತ್ರ ಸಿಗುತ್ತದೆ. ದೇಶದ ಮಕ್ಕಳು ಬೆರೆಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಶ್ರೀನಿವಾಸಪುರದ ಮಾವು ಬೆಳೆಗಾರನ ಮಗ ಲುಧಿಯಾನಕ್ಕೆ ಹೋದರೆ ವೇತನವುಂಟು, ತನ್ನೂರ ಪಕ್ಕದಲ್ಲೇ ಉಳಿದು ಮಾವನ್ನೇ ಓದಿದರೆ ಇಲ್ಲ ಎಂಬ ಏರ್ಪಾಡಿಗೆ ಪೂರಕವಾಗಿ ಊರಲ್ಲುಳಿದವನಿಗೂ ಒಂದು ನೆರವು ಇರಬೇಡವೇ? ಮತ್ತೊಂದು ಕಡೆ, ೨೦೧೮ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೊಶಿಪ್ ತಿಂಗಳಿಗೆ ೭೦,೦೦೦ದಿಂದ ೮೦,೦೦೦ ರೂಪಾಯಿ ಕೊಡುತ್ತದೆ. ಅದು ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದ ಆಯ್ದ ಸಂಸ್ಥೆಗಳಿಗೆ ಮೀಸಲು. ಎತ್ತರದ ಗಿಡಕ್ಕೆ ನೀರೆರೆಯುವುದು ತಪ್ಪಲ್ಲ. ಬುಡದ ಸಸಿಗಳನ್ನು ಒಣಗಲು ಬಿಡುವುದು ತಪ್ಪು.

ಅಧ್ಯಾಪಕರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅನುದಾನ ಆಯೋಗದ ಕಾಯಿದೆಯ ೨(ಎಫ್) ಮತ್ತು ೧೨(ಬಿ) ಕಲಮುಗಳ ಅಡಿಯಲ್ಲಿ ಮಾನ್ಯತೆ ಪಡೆದ ಕಾಲೇಜಿಗಷ್ಟೇ ಆಯೋಗದ ಹಣ. ಒಂದು ಕಾಲಕ್ಕೆ ತಾಲ್ಲೂಕು ಕಾಲೇಜುಗಳ ಅಧ್ಯಾಪಕರು ಆಯೋಗದ ಕಿರು ಸಂಶೋಧನಾ ಯೋಜನೆಗಳಿಂದ ಊರಿನ ಶಾಸನ, ಕೆರೆ, ಸಸ್ಯ, ಕಸುಬುಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಸಣ್ಣ ಯೋಜನೆ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯೊಂದಿಗೇ ಮುಗಿದುಹೋಯಿತು. ೨೦೨೨ರ ನಿಯಮಗಳಂತೆ ಕಾಯಂ ಅಧ್ಯಾಪಕರು ಮಾತ್ರ ಪಿಎಚ್.ಡಿ. ಮಾರ್ಗದರ್ಶಕರಾಗಬಹುದು: ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳ ಮಿತಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಅವರಲ್ಲಿ ಪಿಎಚ್.ಡಿ. ಪಡೆದವರೂ ಇದ್ದಾರೆ, ಮಾರ್ಗದರ್ಶನ ಮಾಡುವ ಹಕ್ಕು ಅವರಿಗಿಲ್ಲ. ಕಾಯಂ ಹುದ್ದೆ ತುಂಬದಿದ್ದರೆ ಎಷ್ಟು ಫೆಲೊಶಿಪ್ ಘೋಷಿಸಿದರೂ ವಿದ್ಯಾರ್ಥಿಗೆ ಗುರು ಸಿಗುವುದಿಲ್ಲ.

೨೦೨೩ರ ಕಾಯಿದೆಯಂತೆ ರೂಪುಗೊಂಡ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಐದು ವರ್ಷಗಳಲ್ಲಿ ೫೦,೦೦೦ ಕೋಟಿ ರೂಪಾಯಿಗಳ ಕನಸು ಕಟ್ಟಿಕೊಟ್ಟಿತು. ಅದರಲ್ಲಿ ಸರ್ಕಾರದ್ದು ೧೪,೦೦೦ ಕೋಟಿ. ಉಳಿದ ೩೬,೦೦೦ ಕೋಟಿ ಉದ್ಯಮ, ದಾನಿಗಳಿಂದ ಬರಬೇಕು. ರಾಜ್ಯ ವಿಶ್ವವಿದ್ಯಾಲಯಗಳನ್ನು ದೊಡ್ಡ ಸಂಸ್ಥೆಗಳೊಡನೆ ಜೋಡಿಸುವ ಕಾರ್ಯಕ್ರಮವೂ ಅಲ್ಲಿದೆ. ಆದರೆ ಉದ್ಯಮದ ಹಣ ಉದ್ಯಮದ ಪ್ರಶ್ನೆಯ ಕಡೆಗೇ ಹರಿಯುತ್ತದೆ. ಕೆರೆಯ ಕೋಡಿಗೆ, ಹುರುಳಿ ಹೊಲಕ್ಕೆ, ಫ್ಲೋರೈಡ್ ಬಾವಿಗೆ ಲಾಭದ ಲೆಕ್ಕವಿಲ್ಲ. ಸಾರ್ವಜನಿಕ ಹಣವೇ ಅಲ್ಲಿಗೆ ಬರಬೇಕು.

ಅಳೆದದ್ದರ ಬಲ

ಸಂಶೋಧನೆಯಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿದ್ದಾರೆ. ಕೋಲಾರದ ನೆಲದಲ್ಲೇ ಇದಕ್ಕೆ ಉತ್ತರವಿದೆ. ೧೯೮೦ರ ದಶಕದ ಆರಂಭದಲ್ಲಿ ಜಯಂತ ಬಂದ್ಯೋಪಾಧ್ಯಾಯ, ವಂದನಾ ಶಿವ ಮೊದಲಾದವರು ಕೋಲಾರದ ಸಾಮಾಜಿಕ ಅರಣ್ಯದ ಪರಿಣಾಮವನ್ನು ಅಧ್ಯಯನ ಮಾಡಿದರು. ರಾಗಿ ಹೊಲಗಳು ನೀಲಗಿರಿಗೆ ತಿರುಗಿದುದನ್ನೂ, ಕೂಲಿಕಾರರ ಕೆಲಸ, ಬಡವರ ಅನ್ನ ಕುಗ್ಗಿದುದನ್ನೂ ಅದು ಎತ್ತಿ ತೋರಿಸಿತು. ಕೋಲಾರದ ಹೊಲಗಳ ಆ ಮಾಹಿತಿ ದೇಶದ ಅರಣ್ಯ ನೀತಿಯ ಚರ್ಚೆಯನ್ನೇ ಬದಲಿಸಿತು. ನಿಷೇಧದ ಆದೇಶ ಬಂದದ್ದು ಮೂರೂವರೆ ದಶಕಗಳ ನಂತರ. ಸ್ಥಳೀಯ ಕಾಲೇಜುಗಳಲ್ಲಿ ವರ್ಷ ವರ್ಷವೂ ಆ ಅಧ್ಯಯನ ಮುಂದುವರಿದಿದ್ದರೆ ಅಷ್ಟು ತಡವಾಗುತ್ತಿತ್ತೇ ಎಂದು ಯೋಚಿಸಬೇಕು.

ರಾಗಿಯ ಉದಾಹರಣೆಯೂ ಹಾಗೆಯೇ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಬೆರೆಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಬಯಲುಸೀಮೆಯ ಮುದ್ದೆಗೆ ಅದರಿಂದ ದೊರೆತದ್ದು ಕೋಟಿಗಳಲ್ಲಿ ಅಳೆಯಲಾಗದ್ದು. ಬೇಕಾದದ್ದು ಒಂದು ಹೊಲ, ಒಂದು ಭೂತಗನ್ನಡಿ, ಒಬ್ಬ ಮನುಷ್ಯನ ಬಿಡದ ಶ್ರದ್ಧೆ, ಅವನಿಗೆ ತಿಂಗಳು ತಿಂಗಳು ತಪ್ಪದ ಸಂಬಳ.

ಮಲೆನಾಡಿಗೂ ಇದೇ ಅನುಭವವಾಗಿದೆ. ಎತ್ತಿನಹೊಳೆಯಿಂದ ವರ್ಷಕ್ಕೆ ೨೪ ಟಿಎಂಸಿ ನೀರು ಸಿಗುತ್ತದೆಂದು ಯೋಜನೆ ಹೇಳಿದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ಜಲಾನಯನದ ಒಟ್ಟು ಇಳುವರಿಯೇ ೯.೫೫ ಟಿಎಂಸಿ ಎಂದು ಲೆಕ್ಕ ಹಾಕಿತು. ಸರ್ಕಾರ ಅದಕ್ಕೆ ಕಿವಿಗೊಡಲಿಲ್ಲ. ಆದರೂ ಹೋರಾಟದ ಕೈಗೆ ಒಂದು ಅಂಕಿ ಸಿಕ್ಕಿತು. ಘೋಷಣೆಯನ್ನು ಮರೆಯಬಹುದು, ಅಳೆದದ್ದನ್ನು ಅಳಿಸುವುದು ಕಷ್ಟ.

ಕೋಲಾರ ಜಿಲ್ಲೆಯ ನೆನಪಿನಲ್ಲಿ ಇನ್ನೊಂದು ಸಂಗತಿಯಿದೆ. ೧೯೬೫ರಲ್ಲಿ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಇಂಗ್ಲೆಂಡ್‌ನವರೊಡನೆ ಸೇರಿ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ವಿಶ್ವದ ಆಳವಾದ ಪ್ರಶ್ನೆಗೆ ಕೋಲಾರದ ಬಂಡೆ ಉತ್ತರ ಕೊಟ್ಟಿತು. ೨೦೦೧ರಲ್ಲಿ ಗಣಿ ಮುಚ್ಚಿತು. ಅದೇ ಬಂಡೆಯ ಬಿರುಕಿನಲ್ಲಿ ನೀರೇಕೆ ಹೀಗೆ ಕೆಟ್ಟಿತೆಂಬ ಪ್ರಶ್ನೆ ಗಣಿಯ ಸುತ್ತಲಿನ ಊರುಗಳದ್ದು. ಅದಕ್ಕೆ ಅಂಥ ಹಣವೂ ಬರಲಿಲ್ಲ, ಅಂಥ ಗಮನವೂ ದೊರೆಯಲಿಲ್ಲ.

ಎರಡು ಆಕ್ಷೇಪಗಳು

ಬಾಯಾರಿದವರ ಮುಂದೆ ಪ್ರಬಂಧದ ಮಾತಾಡುವುದು ಕ್ರೌರ್ಯವೆಂದು ಕೋಲಾರದ ಗೆಳೆಯರು ಹೇಳಬಹುದು. ಆ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಟ್ಯಾಂಕರ್‌ಗಾಗಿ ಬಿಂದಿಗೆ ಹಿಡಿದು ನಿಂತ ಹೆಂಗಸಿಗೆ ಫೆಲೊಶಿಪ್‌ನಿಂದ ಇಂದು ಏನೂ ಆಗದು. ಆದರೆ ಹದಿನೈದು ವರ್ಷಗಳಿಂದ ಹೊಳೆ ಬರುತ್ತದೆಂದು ಕಾಯುತ್ತಿರುವ ಜಿಲ್ಲೆಯಲ್ಲಿ, ಆ ಹದಿನೈದು ವರ್ಷಗಳಲ್ಲಿ ಮೂರು ತಲೆಮಾರಿನ ಸಂಶೋಧಕರು ತಯಾರಾಗಬಹುದಿತ್ತು. ಯಾವ ಕೆರೆಯ ಹೂಳೆತ್ತಿದರೆ ಎಷ್ಟು ಬಾವಿಗಳಿಗೆ ಜೀವ ಬರುತ್ತದೆಂಬ ಪಟ್ಟಿ ಇಂದು ಪ್ರತಿ ಪಂಚಾಯಿತಿಯ ಮೇಜಿನ ಮೇಲಿರುತ್ತಿತ್ತು.

ಕೋಲಾರದ ಕಾಲೇಜಿನ ಕಷ್ಟ ಮಲೆನಾಡಿಗೇಕೆ ಎಂದು ಇಲ್ಲಿನ ಕೆಲವರು ಕೇಳಬಹುದು. ತನ್ನ ಮಳೆಯನ್ನು ತಾನು ಅರಿಯದ ಸೀಮೆ ಪಕ್ಕದ ಸೀಮೆಯ ಹೊಳೆಯ ಕಡೆಗೆ ನೋಡುತ್ತದೆ ಎಂಬುದೇ ಅದಕ್ಕೆ ಉತ್ತರ. ಕೋಲಾರದ ರೈತನಿಗೆ ಕೊಳವೆಯನ್ನು ತೋರಿಸಿದವರು ಬೇರೆ ದಾರಿಯನ್ನು ತೋರಿಸಲಿಲ್ಲ. ಬೇರೆ ದಾರಿ ಇದೆಯೇ ಎಂದು ಹುಡುಕುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಘಟ್ಟದ ಕಾಡನ್ನು ಉಳಿಸಿಕೊಳ್ಳುವ ಒಂದು ದಾರಿ ಶ್ರೀನಿವಾಸಪುರದ ಕೆರೆಯಂಗಳದ ಮೂಲಕವೇ ಹಾದುಹೋಗುತ್ತದೆ.

ಪಿಎಚ್.ಡಿ. ಎಂಬ ಹೆಸರಿನಲ್ಲಿ ನಡೆಯುವ ಎಲ್ಲವೂ ಸಂಶೋಧನೆಯಲ್ಲ ಎಂಬುದನ್ನೂ ಒಪ್ಪಬೇಕು. ಬಡ್ತಿಗಾಗಿ ಬರೆದ, ಕಪಾಟಿನಲ್ಲಿ ಗೆದ್ದಲು ಹಿಡಿದ ಪ್ರಬಂಧಗಳು ಯಾವ ವಿಶ್ವವಿದ್ಯಾಲಯದಲ್ಲಿಲ್ಲ? ಹಣ ಹೆಚ್ಚಿಸಿದ ಮಾತ್ರಕ್ಕೆ ಇದು ಸರಿಹೋಗದು. ಪ್ರಶ್ನೆ ನೆಲದಿಂದ ಹುಟ್ಟಬೇಕು, ಉತ್ತರ ನೆಲಕ್ಕೆ ಮರಳಬೇಕು.

ಆಗಬೇಕಾದದ್ದು

ನೀರಿನ ಯಾವುದೇ ದೊಡ್ಡ ಯೋಜನೆಯ ವೆಚ್ಚದಲ್ಲಿ ಸಾವಿರಕ್ಕೆ ಒಂದು ಪಾಲನ್ನು ಸ್ವತಂತ್ರ ಅಧ್ಯಯನಕ್ಕೆ ಮೀಸಲಿಡಬೇಕು. ಆ ಹಣ ಗುತ್ತಿಗೆದಾರರ ಸಲಹಾ ಸಂಸ್ಥೆಗಳಿಗೆ ಹೋಗದೆ, ಕೊಳವೆಯ ಎರಡೂ ತುದಿಯ ಕಾಲೇಜುಗಳಿಗೆ ಹೋಗಬೇಕು. ಸಕಲೇಶಪುರದ ವಿದ್ಯಾರ್ಥಿಗಳು ಹಳ್ಳದ ಹರಿವನ್ನು, ಕೋಲಾರದ ವಿದ್ಯಾರ್ಥಿಗಳು ಕೆರೆಯ ಮಟ್ಟವನ್ನು ಅಳೆಯಲಿ. 2 ಕಡೆಯ ಅಂಕಿಗಳು ತಿಂಗಳು ತಿಂಗಳೂ ಕನ್ನಡದಲ್ಲಿ ಪ್ರಕಟವಾಗಲಿ.

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿ ಸಂಶೋಧನೆಗೆ ಸೇರಿದ, ಬೇರಾವ ನೆರವೂ ಇಲ್ಲದ ಪ್ರತಿ ವಿದ್ಯಾರ್ಥಿಗೂ ಜೀವನ ಸಾಗಿಸುವಷ್ಟು ರಾಜ್ಯ ವೇತನ ಸಿಗಬೇಕು. ಅದು ತಿಂಗಳ ಮೊದಲ ವಾರವೇ ಕೈಸೇರಬೇಕು. ೨೦೨೪–೨೫ರಲ್ಲಿ ಇನ್‌ಸ್ಪೈರ್ ಪಡೆದವರೇ ತಿಂಗಳುಗಟ್ಟಲೆ ಹಣಕ್ಕಾಗಿ ಕಾದು ದೂರಿದ್ದನ್ನು ದೇಶ ಕಂಡಿದೆ. ತಡವಾಗಿ ಬರುವ ವೇತನ ಬಡವನನ್ನು ಸಂಶೋಧನೆಯಿಂದ ಹೊರಗೆ ತಳ್ಳುತ್ತದೆ; ಉಳ್ಳವನನ್ನು ಮಾತ್ರ ಉಳಿಸುತ್ತದೆ. ಅರ್ಹತಾ ಪರೀಕ್ಷೆ ಕನ್ನಡದಲ್ಲೂ ನಡೆಯಬೇಕೆಂಬ ಒತ್ತಾಯ ರಾಜ್ಯ ಸರ್ಕಾರದಿಂದಲೇ ಹೋಗಬೇಕು.

ದೊಡ್ಡ ಹಣಕ್ಕಿಂತ ಮೊದಲು ಸಣ್ಣ ಹಣ ಬರಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ೧೯೭೭ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಿರುಯೋಜನೆಗಳಿಗೆ ನೆರವು ನೀಡುತ್ತ ಬಂದಿದೆ. ಅದೇ ಮಾದರಿಯನ್ನು ಮಾಲೂರು, ಮುಳಬಾಗಿಲುಗಳ ಬಿ.ಎಸ್ಸಿ., ಬಿ.ಎ. ತರಗತಿಗಳಿಗೂ ವಿಸ್ತರಿಸಬಹುದು. ಕೆಲವು ಸಾವಿರ ರೂಪಾಯಿಗಳಲ್ಲಿ ಒಂದು ಊರಿನ ಬಾವಿಗಳ ಪಟ್ಟಿಯಾಗುತ್ತದೆ. ಆ ಪಟ್ಟಿ ಮಾಡಿದವರಲ್ಲಿ ಒಬ್ಬಳು ನಾಳೆ ಸಂಶೋಧಕಿಯಾಗುತ್ತಾಳೆ.

ಪ್ರತಿ ಪ್ರಬಂಧಕ್ಕೂ ಹತ್ತು ಪುಟಗಳ ಕನ್ನಡ ಸಾರಾಂಶ ಕಡ್ಡಾಯವಾಗಬೇಕು. ಅಧ್ಯಯನ ನಡೆದ ಊರಿನ ಗ್ರಾಮಸಭೆಯಲ್ಲಿ ಅದನ್ನು ಓದಿ, ಜನರ ಪ್ರಶ್ನೆಗಳಿಗೆ ವಿದ್ಯಾರ್ಥಿ ಉತ್ತರಿಸಬೇಕು. ಪರೀಕ್ಷಕರ ಮುಂದಿನ ಮೌಖಿಕ ಪರೀಕ್ಷೆಗಿಂತ ಅದೇ ಕಠಿಣವಾದದ್ದು.

ಸರ್ಕಾರದಿಂದ ಆಗಬೇಕಾದದ್ದಕ್ಕೆ ಕಾಯದೆ ಸಂಘಟನೆಗಳು ಮಾಡಬಹುದಾದ ಕೆಲಸವೂ ಒಂದಿದೆ. ಫೆಲೊಶಿಪ್‌ಗಳ ಪ್ರಕಟಣೆ, ಅರ್ಜಿಯ ಕೊನೆಯ ದಿನಾಂಕ, ಬೇಕಾದ ಪ್ರಮಾಣಪತ್ರಗಳ ವಿವರ ಹಳ್ಳಿಯ ವಿದ್ಯಾರ್ಥಿಗೆ ತಲುಪುವುದೇ ಇಲ್ಲ; ತಲುಪುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ. ಪ್ರತಿ ತಾಲ್ಲೂಕಿನಲ್ಲೂ ರೈತಸಂಘ, ಮಹಿಳಾ ಸಂಘ, ನೀರಾವರಿ ಹೋರಾಟ ಸಮಿತಿಗಳು ಕಾಲೇಜಿನ ಗ್ರಂಥಾಲಯದೊಡನೆ ಸೇರಿ ಈ ಮಾಹಿತಿಯ ಹಲಗೆಯೊಂದನ್ನು ನಡೆಸಬಹುದು. ವರ್ಷಕ್ಕೊಮ್ಮೆ ರೈತರು ಕೂತು, ತಮಗೆ ಉತ್ತರ ಬೇಕಾದ ಹತ್ತು ಪ್ರಶ್ನೆಗಳನ್ನು ಬರೆದು ಕಾಲೇಜಿಗೆ ಕೊಡಬಹುದು.

ಮಂಡ್ಯದ ಕನ್ನಂಬಾಡಿಯಿಂದ ಹೆಸರಾದ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಅಂದಿನ ಕೋಲಾರ ಜಿಲ್ಲೆಯದು. ೧೮೮೧ರಲ್ಲಿ ಪದವಿ ಮುಗಿಸಿದ ಆ ಬಡ ಮನೆಯ ಹುಡುಗ ಪುಣೆಯ ವಿಜ್ಞಾನ ಕಾಲೇಜಿಗೆ ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಒಬ್ಬನಿಗೆ ಕೊಟ್ಟ ಆ ಸಣ್ಣ ಹಣ ನಾಡಿಗೆ ಏನಾಗಿ ಮರಳಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಈ ವರ್ಷವೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಯಾವುದೋ ಮನೆಯಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು, ಓದು ಮುಂದುವರಿಸಲೋ ನರಸಾಪುರದ ಕಾರ್ಖಾನೆಯ ಬಸ್ಸು ಹತ್ತಲೋ ಎಂದು ಲೆಕ್ಕ ಹಾಕುತ್ತಿರುತ್ತಾಳೆ. ಅವಳ ಲೆಕ್ಕ ಯಾವ ಕಡೆಗೆ ವಾಲುತ್ತದೆ ಎಂಬುದರ ಮೇಲೆ ಕೋಲಾರದ ಕೆರೆಗಳ ಭವಿಷ್ಯವಿದೆ. ಘಟ್ಟದ ಹಳ್ಳಗಳ ಭವಿಷ್ಯವೂ ಇದೆ.